ಮಾರ್ಚ್ ಬರುವ ಮೊದಲು ಒಂದು ಕಿಲೋ

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಜುಲೈ ಮಳೆ ಹಗಲು ರಾತ್ರಿ ಹೊಯ್ಯುತ್ತಿರುವಾಗ, ಅದೇ ಹೊಳೆಯ ಕೆಳದಂಡೆಯ ರಾಮದುರ್ಗದಲ್ಲಿ ಜನ ಮುಗಿಲು ನೋಡುತ್ತಿರುತ್ತಾರೆ. ಎರಡೂ ಬೆಳಗಾವಿ ಜಿಲ್ಲೆಯ ಊರುಗಳೇ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಎರೆಹೊಲ, ಹತ್ತಿ, ಜೋಳ, ಕಡಲೆ ಶುರುವಾಗುತ್ತವೆ. ಸವದತ್ತಿ, ರಾಮದುರ್ಗ ಪೂರ್ತಿ ಮಳೆನೆರಳು. ಈ ಸೀಮೆಯಲ್ಲಿ ವರ್ಷವಿಡೀ ನೀರು ಕಾಣುವ ದೊಡ್ಡ ಜಾಗವೆಂದರೆ ನವಿಲುತೀರ್ಥದ ಕೊರಕಲಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಹಿಂದಿನ ರೇಣುಕಾಸಾಗರ. ಸುಮಾರು 37 ಟಿಎಂಸಿ ಅಡಿ ಹಿಡಿಯುವ ಈ ಜಲಾಶಯ ಕೂಡ ಎಷ್ಟೋ ವರ್ಷ ತುಂಬದೇ ಹೋಗಿದೆ. ಉಳಿದವು ಊರ ಕೆರೆಗಳು, ಕೃಷಿಹೊಂಡಗಳು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೀರು ಬಂದರೆ ಫೆಬ್ರುವರಿಗೆ ತಳ ಮುಟ್ಟುತ್ತವೆ, ಮಾರ್ಚ್‌ನಲ್ಲಿ ಕೆಸರು.

ಹೀಗಾಗಿ ಇಲ್ಲಿ ಮೀನು ಸಾಕುವವರು ಲೆಕ್ಕ ಹಾಕುವುದು ಹಿಂದುಮುಂದಾಗಿ. ಮೀನು ಯಾವಾಗ ಬಲಿಯುತ್ತದೆ ಎಂಬುದು ಆಮೇಲಿನ ಮಾತು, ನೀರು ಯಾವಾಗ ಮುಗಿಯುತ್ತದೆ ಎಂಬುದು ಮೊದಲು. ಒಳ್ಳೆಯ ಮೇವು, ಒಳ್ಳೆಯ ನೀರು ಸಿಕ್ಕರೆ ರೋಹು ವರ್ಷಕ್ಕೆ ಮುಕ್ಕಾಲರಿಂದ ಒಂದು ಕಿಲೋ ತೂಗುತ್ತದೆ. ಇಲ್ಲಿನ ಕೆರೆ ಕೊಡುವುದು ಆರೇಳು ತಿಂಗಳು. ಅರ್ಧ ಬೆಳೆದ ಮೀನಿಗೆ ಸಂತೆಯಲ್ಲಿ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಅರ್ಧ ಕಾಲದಲ್ಲಿ ಪೂರ್ತಿ ಬೆಳೆಯುವ ಮೀನು ಎಂದರೆ ಯಾರ ಕಿವಿಯಾದರೂ ನೆಟ್ಟಗಾಗಬೇಕಾದದ್ದು ಇಂಥ ಊರುಗಳಲ್ಲಿ.

ಅಂಥ ಮೀನು ಇದೆ. ಸಮುದ್ರದಾಚೆ ಮಾತ್ರವಲ್ಲ, ಮಧುರೈಯಲ್ಲೂ ಅದನ್ನು ಮಾಡಿದ್ದರು.

ಅಲ್ಲಿಗೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ದಪ್ಪನೆಯ ಕಾಟ್ಲಾ ಕಂಡಾಗ ಸಂತೆಯಲ್ಲಿ ಯಾರಾದರೊಬ್ಬರು, "ಇದಕ್ಕ ಇಂಜೆಕ್ಷನ್ ಮಾಡಿರ್ತಾರ್ರೀ" ಅನ್ನುವುದುಂಟು. ಮಾತಿನಲ್ಲಿ ಅರ್ಧ ನಿಜವಿದೆ. ಇಂಜೆಕ್ಷನ್ ಮಾಡುವುದು ತಾಯಿಮೀನಿಗೆ, ಅದೂ ದಪ್ಪ ಮಾಡಲಿಕ್ಕಲ್ಲ, ಮೊಟ್ಟೆ ಇಡಿಸಲಿಕ್ಕೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆ, ಬ್ರಹ್ಮಪುತ್ರಗಳ ಬಯಲಿನವು. ಮುಂಗಾರಿನ ಹೊಸನೀರು ಹರಿಯುವಾಗ ಮಾತ್ರ ಅವು ಮೊಟ್ಟೆ ಬಿಡುತ್ತವೆ, ನಿಂತ ನೀರಿನಲ್ಲಿ ಬಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಕೊಳದಲ್ಲೇ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ದಿನವನ್ನು ಇಂದಿಗೂ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈಗ ಗ್ರಂಥಿಯ ಸಾರದ ಬದಲು ತಯಾರಾಗಿ ಬರುವ ಔಷಧಿ ಬಳಸುತ್ತಾರೆ. ನಮ್ಮ ಕೆರೆಗೆ ಬೀಳುವ ಬಿತ್ತನೆ ಮರಿಗಳ ತಾಯಂದಿರು ಬಹುಪಾಲು ಈ ಸೂಜಿ ಕಂಡವರೇ. ಮರಿಗೆ ಅದರ ಸೋಂಕೂ ಇಲ್ಲ.

ಕುಲಾಂತರಿ ಮೀನಿನ ಸಂಗತಿಯೇ ಬೇರೆ. ಅಲ್ಲಿ ಹೊರಗಿನಿಂದ ಹಾರ್ಮೋನು ಕೊಡುವುದಿಲ್ಲ. ಹಾರ್ಮೋನು ತಯಾರಿಸುವ ಆಜ್ಞೆಯನ್ನೇ ಮೀನಿನ ಜೀವಕೋಶದೊಳಗೆ ಇನ್ನೊಮ್ಮೆ ಬರೆಯುತ್ತಾರೆ. ಆ ಬರಹ ಮೊಟ್ಟೆಗೂ ಸೇರುತ್ತದೆ, ಮರಿಗೂ ಸೇರುತ್ತದೆ, ಮರಿಯ ಮರಿಗೂ ಸೇರುತ್ತದೆ.

ಮೊದಲು ದಾರಿ ತೋರಿಸಿದ್ದು ಒಂದು ಇಲಿ. 1982ರಲ್ಲಿ ಅಮೆರಿಕದ ರಿಚರ್ಡ್ ಪಾಮಿಟರ್ ಮತ್ತು ರಾಲ್ಫ್ ಬ್ರಿನ್‌ಸ್ಟರ್ ತಂಡ ಹೆಗ್ಗಣದ ಬೆಳವಣಿಗೆ ಹಾರ್ಮೋನಿನ ಜೀನನ್ನು ಸಣ್ಣ ಇಲಿಯ ಮೊಟ್ಟೆಗೆ ಸೇರಿಸಿತು. ಅಕ್ಕತಂಗಿಯರ ಎರಡರಷ್ಟು ತೂಗುವ ಇಲಿಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮೂರೇ ವರ್ಷದಲ್ಲಿ ಚೀನಾದ ವೂಹಾನ್‌ನಲ್ಲಿ ಝು ಝುವೊಯಾನ್ ಅದೇ ಕೆಲಸವನ್ನು ಬಂಗಾರದ ಮೀನಿನಲ್ಲಿ ಮಾಡಿದರು. ಅವರು ಸೇರಿಸಿದ್ದು ಮನುಷ್ಯನ ಬೆಳವಣಿಗೆ ಹಾರ್ಮೋನಿನ ಜೀನು. ಮನುಷ್ಯನ ಜೀನಿರುವ ಮೀನನ್ನು ಯಾರ ತಟ್ಟೆಗೂ ಬಡಿಸಲಾಗದು ಎಂಬುದು ಬೇಗ ತಿಳಿಯಿತು. ಆಮೇಲಿನ ಕೆಲಸವೆಲ್ಲ ಮೀನಿಗೆ ಮೀನಿನದೇ ಜೀನು ಸೇರಿಸುವ ದಾರಿ ಹಿಡಿಯಿತು.

ಇಂಥ ಕೆಲಸಕ್ಕೆ ಮೀನಿನಷ್ಟು ಅನುಕೂಲದ ಪ್ರಾಣಿ ಇನ್ನೊಂದಿಲ್ಲ. ಹಸುವಿನಲ್ಲಿ ಒಂದು ಭ್ರೂಣ ಪಡೆಯಲು ಪಡುವ ಪಾಡು ಇಲ್ಲಿಲ್ಲ. ಒಂದು ಕಿಲೋ ತೂಕದ ರೋಹು ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆಗೆ ಫಲ ಕಟ್ಟುವುದು ದೇಹದ ಹೊರಗೆ, ನೀರಿನಲ್ಲಿ, ಕಣ್ಣೆದುರಿಗೇ. ಮೊಟ್ಟೆ ಪಾರದರ್ಶಕ. ಮೊದಲ ಕೋಶ ಎರಡಾಗಿ ಒಡೆಯುವ ಮುಂಚಿನ ಅರ್ಧ ಗಂಟೆಯ ಆಸುಪಾಸಿನಲ್ಲಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಡಿಎನ್‌ಎ ತುಣುಕಿನ ಲಕ್ಷಾಂತರ ಪ್ರತಿಗಳನ್ನು ಒಳಗೆ ಬಿಡುತ್ತಾರೆ. ಇಲ್ಲವೇ ವೀರ್ಯಕ್ಕೆ ಕ್ಷಣಕಾಲ ವಿದ್ಯುತ್ ಕೊಟ್ಟು ಅದರ ಪೊರೆಯಲ್ಲಿ ಕಂಡಿ ತೆರೆಸಿ, ವೀರ್ಯದ ಮೂಲಕವೇ ತುಣುಕನ್ನು ಸಾಗಿಸುತ್ತಾರೆ. ಹದಿನಾರು ಹದಿನೆಂಟು ಗಂಟೆಯಲ್ಲಿ ಮರಿ ಹೊರಬರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ. ತುಣುಕು ಎಲ್ಲಿ ಅಂಟಿಕೊಳ್ಳುತ್ತದೆ, ಎಷ್ಟು ಪ್ರತಿ ಅಂಟಿಕೊಳ್ಳುತ್ತದೆ ಎಂಬುದು ಸೂಜಿ ಹಿಡಿದವರ ಕೈಯಲ್ಲಿಲ್ಲ. ಹೆಚ್ಚಿನ ಮರಿಗಳಲ್ಲಿ ಅದು ಅಂಟುವುದೇ ಇಲ್ಲ. ಅಂಟಿದರೂ ದೇಹದ ಕೆಲವು ಭಾಗಗಳಲ್ಲಿ ಇರುತ್ತದೆ, ಕೆಲವು ಭಾಗಗಳಲ್ಲಿ ಇರುವುದಿಲ್ಲ. ವೀರ್ಯ, ಅಂಡಗಳಿಗೆ ತುಣುಕು ತಲುಪಿದ ಮೀನನ್ನು ಹುಡುಕಿ, ಅದರ ಸಂತಾನ ಬೆಳೆಸಿದಾಗಲೇ ಒಂದು ತಳಿ ಎಂದು ಹೇಳಬಹುದು.

ಇನ್ನು ತುಣುಕಿನೊಳಗೆ ಏನಿದೆ ಎಂಬುದು. ಅದಕ್ಕೆ ಎರಡು ಭಾಗ. ಒಂದು, ಹಾರ್ಮೋನಿನ ಜೀನು. ಇನ್ನೊಂದು, ಆ ಜೀನು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುವ ಪ್ರಮೋಟರ್. ಜೀನು ಕೆರೆಯ ನೀರಾದರೆ ಪ್ರಮೋಟರ್ ತೂಬು. ಮೀನಿನ ದೇಹದಲ್ಲಿ ಬೆಳವಣಿಗೆ ಹಾರ್ಮೋನು ಮೊದಲೇ ಇದೆ. ಮೆದುಳಿನ ಬುಡದ ಪಿಟ್ಯುಟರಿ ಅದನ್ನು ಅಳೆದು, ತಡೆದು, ಹೊತ್ತು ನೋಡಿ ಬಿಡುತ್ತದೆ. ರಕ್ತದ ಮೂಲಕ ಅದು ಯಕೃತ್ತಿಗೆ ಹೋದಾಗ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ಹೊರಡುತ್ತದೆ. ಎಲುಬು, ಮಾಂಸ ಬೆಳೆಯುವುದು ಹೆಚ್ಚಾಗಿ ಇದರ ಮಾತು ಕೇಳಿ. ಕುಲಾಂತರಿ ಮಾಡುವವರು ಬದಲಿಸುವುದು ಮುಖ್ಯವಾಗಿ ತೂಬನ್ನು. ಪಿಟ್ಯುಟರಿಯ ಹಿಡಿತಕ್ಕೆ ಸಿಗದ, ದೇಹದ ಬೇರೆ ಭಾಗಗಳಲ್ಲೂ ಸದಾ ತೆರೆದೇ ಇರುವ ಪ್ರಮೋಟರ್ ಒಂದನ್ನು ಜೀನಿಗೆ ಕಟ್ಟುತ್ತಾರೆ.

ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಟಿ. ಜೆ. ಪಾಂಡಿಯನ್ ಅವರ ತಂಡ ಮಾಡಿದ್ದು ಇದನ್ನೇ. ರೋಹು ಮೀನಿನ ಪಿಟ್ಯುಟರಿಯಿಂದ ರೋಹುವಿನದೇ ಹಾರ್ಮೋನು ಜೀನನ್ನು ಬೇರ್ಪಡಿಸಿದರು. ಅದಕ್ಕೆ ಗೆಂಡೆ ಜಾತಿಯ ಬೇರೆ ಮೀನುಗಳ ಪ್ರಮೋಟರ್ ಜೋಡಿಸಿ ಮತ್ತೆ ರೋಹುವಿಗೇ ಸೇರಿಸಿದರು. 2004ರ ಹೊತ್ತಿಗೆ ಫಲಿತಾಂಶ ಅಚ್ಚಾಯಿತು. ಜೊತೆಯ ಸಾದಾ ಮರಿಗಳಿಗಿಂತ ಕುಲಾಂತರಿ ಮರಿಗಳು ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಬೆಳೆದಿದ್ದವು. ತಿಂದದ್ದನ್ನು ಮೈಗೆ ಹಚ್ಚಿಕೊಳ್ಳುವುದರಲ್ಲೂ ಅವೇ ಮುಂದು. ಜೀನೂ ರೋಹುವಿನದು, ಮೀನೂ ರೋಹು. ಪರಕೀಯವೆಂದು ಬೆರಳು ತೋರಿಸಲು ಪ್ರಮೋಟರ್ ಒಂದೇ ಉಳಿಯಿತು, ಅದೂ ಮೀನಿನದೇ. ಭಾರತದ ವಿಜ್ಞಾನದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೂ ಆ ರೋಹು ಪ್ರಯೋಗಾಲಯ ದಾಟಿ ಯಾವ ಕೆರೆಗೂ ಇಳಿಯಲಿಲ್ಲ.

ನಾಲ್ಕು ಪಟ್ಟು ಎಂಬ ಅಂಕಿಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಯಾವುದರ ನಾಲ್ಕು ಪಟ್ಟು? ಕೆನಡಾದ ರಾಬರ್ಟ್ ಡೆವ್ಲಿನ್ 1994ರಲ್ಲಿ ಕೋಹೊ ಸಾಲ್ಮನ್‌ಗೆ ಇಂಥದೇ ಜೀನು ಸೇರಿಸಿದಾಗ ಸರಾಸರಿ 11 ಪಟ್ಟು, ಒಂದು ಮೀನಂತೂ 37 ಪಟ್ಟು ತೂಗಿತ್ತು. ಕೆಲವಕ್ಕೆ ತಲೆಬುರುಡೆ, ದವಡೆಗಳೇ ಸೊಟ್ಟಗಾಗಿದ್ದವು ಎಂಬುದು ಬೇರೆ ಮಾತು. ಅದೇ ಡೆವ್ಲಿನ್ 2001ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅದು 37 ಪಟ್ಟಿನಷ್ಟು ಸುದ್ದಿಯಾಗಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಈ ವಿಷಯದ ಅತಿ ಮುಖ್ಯ ಪ್ರಯೋಗ ಅದೇ. ಕಾಡುನದಿಯ ಟ್ರೌಟ್ ಮೀನಿಗೆ ಜೀನು ಸೇರಿಸಿದರೆ ಮೈ ಉಬ್ಬಿ ಬೆಳೆಯಿತು. ಎಷ್ಟೋ ತಲೆಮಾರು ಆರಿಸಿ ಆರಿಸಿ ಸಾಕಿದ ಟ್ರೌಟ್ ತಳಿಗೆ ಅದೇ ಜೀನು ಸೇರಿಸಿದರೆ ಹೆಚ್ಚೇನೂ ಆಗಲಿಲ್ಲ. ಜೀನು ಮಾಡಬಹುದಾಗಿದ್ದ ಕೆಲಸದ ಬಹುಪಾಲನ್ನು ತಳಿ ಆರಿಸಿದವರು ಮೊದಲೇ ಮಾಡಿ ಮುಗಿಸಿದ್ದರು. ಬೆಳೆಯುವ ಸಾಮರ್ಥ್ಯಕ್ಕೂ ಒಂದು ಮೇಲ್ಮಿತಿ ಇದೆ, ಅದನ್ನು ಮುಟ್ಟಲು ಎರಡು ಏಣಿಗಳಿವೆ: ಜೀನು ಸೇರಿಸುವುದು ಒಂದು, ತಳಿ ಆರಿಸುವುದು ಇನ್ನೊಂದು.

ನಾವು ಎರಡನೆಯ ಏಣಿಯನ್ನು ಸರಿಯಾಗಿ ಹತ್ತಿದ್ದೇವೆಯೇ? ತಡವಾಗಿ ಹತ್ತಲು ಶುರುಮಾಡಿದೆವು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆ ನಾರ್ವೆಯ ತಜ್ಞರ ಜೊತೆ ಸೇರಿ, ಬೇರೆ ಬೇರೆ ನದಿಗಳ ರೋಹುಗಳನ್ನು ಕಲೆಹಾಕಿ, ಪ್ರತಿ ತಲೆಮಾರಿನಲ್ಲೂ ಚೆನ್ನಾಗಿ ಬೆಳೆದವನ್ನೇ ತಂದೆತಾಯಿಯಾಗಿ ಆರಿಸುತ್ತ ಹೋಯಿತು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಅದಕ್ಕೆ ಜಯಂತಿ ರೋಹು ಎಂದು ಹೆಸರಿಟ್ಟರು. ತಲೆಮಾರಿಗೆ ಸರಾಸರಿ ಶೇ 17ರಷ್ಟು ಬೆಳವಣಿಗೆ ಹೆಚ್ಚಿತು. ಒಂದು ತಲೆಮಾರಿನ ಏರಿಕೆ ಅಲ್ಪವೆನಿಸಬಹುದು. ಆದರೆ ಬಡ್ಡಿಗೆ ಬಡ್ಡಿ ಸೇರಿದಂತೆ ಕೂಡುತ್ತ ಹೋದರೆ ಐದು ತಲೆಮಾರಿಗೆ ಎರಡು ಪಟ್ಟು ದಾಟುತ್ತದೆ.

ನಮ್ಮದೇ ರಾಜ್ಯದ ಉದಾಹರಣೆ ಹೆಸರಘಟ್ಟದ್ದು. ಸಾಮಾನ್ಯ ಗೆಂಡೆ ಕೆರೆಯ ನಿಂತ ನೀರಿನಲ್ಲೂ ಮೊಟ್ಟೆ ಇಡುವ ಮೀನು, ಹಾಗಾಗಿ ಕೆರೆಗೆ ಹೇಳಿ ಮಾಡಿಸಿದ್ದು ಎಂದು ನಂಬಿದ್ದೆವು. ಆ ಗುಣವೇ ಅದರ ದೋಷವಾಯಿತು. ನಮ್ಮ ಬಿಸಿಲಿಗೆ ಅದು ಆರು ತಿಂಗಳಿಗೇ ಬಲಿತು ಗರ್ಭ ಕಟ್ಟಿ, ಮೈಗೆ ಹೋಗಬೇಕಾದ ಮೇವನ್ನೆಲ್ಲ ಮೊಟ್ಟೆಗೆ ಸುರಿಯುತ್ತದೆ. ತಕ್ಕಡಿಗೆ ಹಾಕಿದಾಗ ಹೊಟ್ಟೆಯ ತೂಕವೇ ಜಾಸ್ತಿ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು 2010ರ ಹೊತ್ತಿಗೆ ಹಂಗೇರಿಯ ಅಮೂರ್ ಎಂಬ ಗೆಂಡೆ ತಳಿ ತಂದು ರಾಜ್ಯದಲ್ಲಿ ಬೆಳೆಸಿ ನೋಡಿದರು. ತಡವಾಗಿ ಗರ್ಭ ಕಟ್ಟುವ ಈ ತಳಿ ನಮ್ಮ ಹಳೆಯ ಗೆಂಡೆಗಿಂತ ಕಾಲುಭಾಗಕ್ಕೂ ಹೆಚ್ಚು ವೇಗದಲ್ಲಿ ಬೆಳೆಯಿತು. ಸೂಜಿಯಿಲ್ಲ, ತುಣುಕಿಲ್ಲ. ಬೆಳವಣಿಗೆಯನ್ನು ತಡೆದಿದ್ದು ಹಾರ್ಮೋನಿನ ಕೊರತೆಯಲ್ಲ, ಅವಸರದ ಬಸಿರು ಎಂದು ಗುರುತಿಸಿದ್ದೇ ಅಲ್ಲಿನ ಜಾಣತನ.

ಇಲ್ಲಿ ಇನ್ನೊಂದು ಹೆಸರನ್ನೂ ಹೇಳಿಬಿಡಬೇಕು. ಗಿಫ್ಟ್ ಟಿಲಾಪಿಯಾ ಎಂಬ, ನಾವು ಜಿಲೇಬಿ ಎನ್ನುವ ಮೀನಿನ ತಳಿಯನ್ನು ಎಷ್ಟೋ ಜನ ಕುಲಾಂತರಿ ಎಂದುಕೊಂಡಿದ್ದಾರೆ. ಅದೂ ಆರಿಸಿ ಬೆಳೆಸಿದ್ದೇ, ಫಿಲಿಪ್ಪೀನ್ಸ್‌ನಲ್ಲಿ 1988ರಲ್ಲಿ ಶುರುವಾದ ಕೆಲಸ.

ತಿನ್ನುವವರ ಭಯದ ಬಗ್ಗೆ ಎರಡು ಮಾತು ಸಾಕು. ಬೆಳವಣಿಗೆ ಹಾರ್ಮೋನು ಒಂದು ಪ್ರೋಟೀನು. ಸಾರಿನಲ್ಲಿ ಕುದಿಯುವಾಗ ಕೆಡುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಮನುಷ್ಯನ ಹಾರ್ಮೋನನ್ನೇ ಬಾಯಿಂದ ಕೊಟ್ಟರೆ ಫಲವಿಲ್ಲ, ಸೂಜಿಯಿಂದಲೇ ಕೊಡಬೇಕು. ಮೇಲಾಗಿ ಮೀನಿನ ಹಾರ್ಮೋನು ಮನುಷ್ಯನ ದೇಹದಲ್ಲಿ ಕೆಲಸ ಮಾಡುವುದಿಲ್ಲ. ಕುಲಾಂತರಿ ಮೀನಿನ ನಿಜವಾದ ಪ್ರಶ್ನೆ ತಟ್ಟೆಯಲ್ಲಿಲ್ಲ, ಹೊಳೆಯಲ್ಲಿದೆ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಎಷ್ಟೋ ವರ್ಷ ತುಂಬದ ರೇಣುಕಾಸಾಗರ ಕೆಲವೇ ದಿನಗಳಲ್ಲಿ ತುಂಬಿ, ನವಿಲುತೀರ್ಥದ ಗೇಟುಗಳಿಂದ ನೀರು ಬಿಟ್ಟಾಗ ರಾಮದುರ್ಗ ಪಟ್ಟಣದೊಳಕ್ಕೇ ಮಲಪ್ರಭೆ ಬಂತು. ದಂಡೆಯ ಹಳ್ಳಿಗಳು ಮುಳುಗಿದವು. ಮನೆಗಳೇ ಉಳಿಯದ ಕಡೆ ಹೊಂಡದ ಬದು, ಬಲೆ, ಜಾಲರಿಗಳ ಮಾತೇನು? ಬರದ ಸೀಮೆ ಎಂದು ಹೆಸರಾದ ಈ ಭಾಗದಲ್ಲಿ ಮೀನು ತಪ್ಪಿಸಿಕೊಳ್ಳಲು ಹಳ್ಳಕ್ಕೆ ಒಂದೇ ರಾತ್ರಿ ನೀರು ಬಂದರೆ ಸಾಕು. ಅದಕ್ಕಿಂತ ಕಠಿಣವಾದದ್ದು ಆ ರಾತ್ರಿಯ ಕಾಲ. ರೋಹು, ಕಾಟ್ಲಾಗಳಿಗೆ ಮೊಟ್ಟೆ ಬಿಡುವ ಪ್ರೇರಣೆ ಬರುವುದು ಅದೇ ಮುಂಗಾರು ಪ್ರವಾಹದಲ್ಲಿ. ಸೆರೆಯ ಬಾಗಿಲು ತೆರೆಯುವ ನೀರೂ, ಮದುವೆಯ ಓಲಗ ಊದಿಸುವ ನೀರೂ ಒಂದೇ. ನಾರ್ವೆಯ ಸಾಲ್ಮನ್ ಪಂಜರ ಹರಿದರೆ ಈ ಎರಡೂ ಒಂದೇ ದಿನಕ್ಕೆ ಕೂಡಿಬರಬೇಕೆಂದೇನಿಲ್ಲ.

ಹೊಳೆಗೆ ಬಿದ್ದ ಕುಲಾಂತರಿ ಮೀನು ಯಾರನ್ನು ಕೂಡುತ್ತದೆ? ಗೆಂಡೆ ಕುಲದ ಮೀನುಗಳು ಜಾತಿಯ ಗೆರೆಯನ್ನು ಅಷ್ಟಾಗಿ ಪಾಲಿಸುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಕಾಟ್ಲಾವನ್ನು ಲೇಬಿಯೊ ಫಿಂಬ್ರಿಯಾಟಸ್ ಜೊತೆ ಕೂಡಿಸಿ ಮಿಶ್ರ ತಳಿ ಬೆಳೆಸಿದ್ದನ್ನು 1995ರಲ್ಲಿ ವರದಿ ಮಾಡಿದ್ದಾರೆ. ಲೇಬಿಯೊ ಫಿಂಬ್ರಿಯಾಟಸ್ ಎಂದರೆ ಕೃಷ್ಣಾ ಕೊಳ್ಳದ ಸ್ವಂತ ಮೀನು. ರೋಹುವೂ ಅದೇ ಲೇಬಿಯೊ ಕುಲದ್ದು. ಗಂಗೆಯ ಮೀನುಗಳನ್ನು ತಂದು ಬಿತ್ತಿದ ನಾವು ಮಲಪ್ರಭೆಯ ಮೂಲ ಸಂಸಾರವನ್ನು ಆಗಲೇ ಸಾಕಷ್ಟು ಕಲಕಿದ್ದೇವೆ ಎಂಬುದನ್ನೂ ಮರೆಯಬಾರದು. ಹೊಸ ಜೀನು ಬರುವುದಾದರೆ ಬರುವುದು ಕಲಕಿದ ಹೊಳೆಗೇ.

ಬಂದರೆ ಏನಾಗಬಹುದು ಎಂಬುದಕ್ಕೆ ಎರಡು ಉತ್ತರಗಳಿವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಮತ್ತು ರಿಚರ್ಡ್ ಹವರ್ಡ್ 1999ರಲ್ಲಿ ಮೆಡಕಾ ಎಂಬ ಪುಟ್ಟ ಮೀನಿನ ಮೇಲಿನ ಪ್ರಯೋಗ ಹಾಗೂ ಲೆಕ್ಕದಿಂದ ಒಂದು ಎಚ್ಚರಿಕೆ ಕೊಟ್ಟರು. ದೊಡ್ಡ ಗಂಡಿಗೆ ಹೆಣ್ಣು ಸುಲಭವಾಗಿ ಒಲಿದು, ಅದರ ಮರಿಗಳು ಬದುಕುವ ಪ್ರಮಾಣ ಮಾತ್ರ ಕಡಿಮೆಯಾದರೆ, ಜೀನು ಹರಡುತ್ತಲೇ ಇಡೀ ಹಿಂಡು ಕ್ಷೀಣಿಸಬಹುದು. ಇದು ಲೆಕ್ಕ, ಯಾವ ಹೊಳೆಯಲ್ಲೂ ನಡೆದದ್ದಲ್ಲ. ಡೆವ್ಲಿನ್ ತಂಡ 2004ರಲ್ಲಿ ತೊಟ್ಟಿಗಳಲ್ಲೇ ನೋಡಿತು. ಮೇವು ಹೇರಳವಾಗಿದ್ದಾಗ ಕುಲಾಂತರಿ ಮತ್ತು ಸಾದಾ ಸಾಲ್ಮನ್‌ಗಳು ಜೊತೆಯಾಗಿ ಬಾಳಿದವು. ಮೇವು ಕಡಿಮೆ ಮಾಡಿದಾಗ ಹಸಿವು ತಾಳದ ಕುಲಾಂತರಿ ಮೀನುಗಳು ಜೊತೆಯವನ್ನೇ ತಿಂದವು, ತೊಟ್ಟಿಯ ಹಿಂಡೇ ಕುಸಿಯಿತು. ಹಿಂಡಿ, ತೌಡು ಹಾಕಲು ಕೈಯಲ್ಲಿ ದುಡ್ಡಿಲ್ಲದೆ ಕೆರೆಯೇ ಸಾಕಿಕೊಳ್ಳಲಿ ಎಂದು ಮರಿ ಬಿಡುವ ನಮ್ಮ ಕಡೆಗೆ ಈ ಎರಡನೆಯ ಉತ್ತರ ಹೆಚ್ಚು ಅನ್ವಯಿಸುತ್ತದೆ. ತೂಬು ತೆರೆದೇ ಇರುವ ಮೀನಿಗೆ ಮೇವೂ ಬಿಡದೆ ಬೇಕು.

ಬಂಜೆ ಮೀನು ಮಾಡಿದರಾಯಿತಲ್ಲ ಎನ್ನಬಹುದು. ಮಾಡಿದ್ದಾರೆ. ಫಲ ಕಟ್ಟಿದ ಮೊಟ್ಟೆಗಳನ್ನು ಭಾರೀ ಒತ್ತಡಕ್ಕೆ ಗುರಿಮಾಡಿದರೆ ವರ್ಣತಂತುಗಳ ಎರಡು ಸರಣಿಯ ಬದಲು ಮೂರು ಸರಣಿ ಉಳಿದು ಮೀನು ಬಂಜೆಯಾಗುತ್ತದೆ. ಅಮೆರಿಕದ ಆಕ್ವಾಬೌಂಟಿ ಕಂಪನಿಯ ಸಾಲ್ಮನ್ ಹೀಗೆ ಬಂಜೆ, ಜೊತೆಗೆ ಎಲ್ಲವೂ ಹೆಣ್ಣು, ಸಾಕಿದ್ದು ನೆಲದ ಮೇಲಿನ ತೊಟ್ಟಿಗಳಲ್ಲಿ. ಆ ಮೀನು ಹುಟ್ಟಿದ್ದು 1989ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ. ಚಿನೂಕ್ ಸಾಲ್ಮನ್‌ನ ಹಾರ್ಮೋನು ಜೀನಿಗೆ, ಹಿಮದ ನೀರಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವ ಓಶನ್ ಪೌಟ್ ಮೀನಿನ ಜೀನೊಂದರ ಪ್ರಮೋಟರ್ ಕಟ್ಟಿದ್ದರು. ಚಳಿಗಾಲದಲ್ಲೂ ಬೆಳೆಯುವ ಆ ಮೀನು ಮೂರು ವರ್ಷದ ಬೆಳೆಯನ್ನು ಒಂದೂವರೆ ವರ್ಷಕ್ಕೆ ಇಳಿಸಿತು. 1995ರಲ್ಲಿ ಅರ್ಜಿ, 2015ರ ನವೆಂಬರ್‌ನಲ್ಲಿ ಅನುಮತಿ, 2020ರಲ್ಲಿ ಪರಿಸರ ಪರಿಶೀಲನೆ ಸಾಲದೆಂದು ನ್ಯಾಯಾಲಯದ ತೀರ್ಪು, 2024ರ ಕೊನೆಗೆ ಕಂಪನಿ ಮೀನು ಸಾಕುವುದನ್ನೇ ನಿಲ್ಲಿಸಿತು. ಬೇಗ ಬೆಳೆದ ಮೀನು ಅಂಗಡಿಯವರ ಒಲವನ್ನು ಬೇಗ ಗಳಿಸಲಿಲ್ಲ.

ಧಾರವಾಡ, ಬೆಳಗಾವಿ ಕಡೆಯವರಿಗೆ ಈ ಕತೆ ಪೂರ್ತಿ ಹೊಸದಲ್ಲ. ಬೈಲಹೊಂಗಲ, ಸವದತ್ತಿಯ ಎರೆಹೊಲಗಳಿಗೆ ಬಿಟಿ ಹತ್ತಿ ಬಂದದ್ದು 2002ರ ಅನುಮತಿಯ ನಂತರ. ಬಿಟಿ ಬದನೆಯಲ್ಲಂತೂ ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಪಾಲುದಾರ. ಕುಡಚಿ, ರಬಕವಿಯ ಬದನೆ ತಳಿಗಳಿಗೂ ಆ ಜೀನು ಸೇರಿತ್ತು. 2010ರ ಫೆಬ್ರುವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಆದರೆ ಹೊಲದ ಗಿಡ ನೆಟ್ಟಲ್ಲೇ ಇರುತ್ತದೆ. ಬೇಡವಾದರೆ ಕಿತ್ತು ಸುಡಬಹುದು. ಕೆರೆಗೆ ಬಿಟ್ಟ ಮೀನನ್ನು ವಾಪಸು ಕರೆಯಲು ಕೆರೆಯನ್ನೇ ಒಣಗಿಸಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಬಾರದೆಂದು ಸರ್ಕಾರ 2000ನೇ ಇಸವಿಯಲ್ಲೇ ಹೇಳಿತ್ತು. ಕದ್ದುಮುಚ್ಚಿ ಸಾಕುವುದು ನಿಲ್ಲದೆ ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ಬಂಜೆ ಮೊಟ್ಟೆ ಎಂಬ ಚೀಟಿ ಅಂಟಿಸಿ ಬಂದ ಮರಿಗಳನ್ನು ನಮ್ಮ ತಾಲ್ಲೂಕುಗಳಲ್ಲಿ ಯಾರು, ಯಾವ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾರೆ ಎಂದು ಕೇಳಿದರೆ ಅದು ಕುಚೋದ್ಯವಾಗಲಾರದು.

ಈಗ ಮೂರನೆಯ ದಾರಿಯೊಂದು ತೆರೆದಿದೆ. ಹೊಸ ಜೀನು ಸೇರಿಸದೆ, ಇರುವ ಜೀನನ್ನೇ ಕತ್ತರಿಸಿ ಸುಮ್ಮನಾಗಿಸುವುದು. ಮಾಂಸಖಂಡ ಅತಿಯಾಗಿ ಬೆಳೆಯದಂತೆ ತಡೆಯುವ ಜೀನನ್ನು ಹೀಗೆ ಕತ್ತರಿಸಿದ ಕೆಂಪು ಮೀನೊಂದನ್ನು ಜಪಾನ್ 2021ರಲ್ಲಿ ಮಾರುಕಟ್ಟೆಗೆ ಬಿಟ್ಟಿದೆ. ಭುವನೇಶ್ವರದವರು 2016ರಲ್ಲೇ ರೋಹುವಿನ ಜೀನೊಂದನ್ನು ಇದೇ ಕತ್ತರಿಯಿಂದ ಕತ್ತರಿಸಿ ತೋರಿಸಿದ್ದರು. ಅದು ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ್ದು. 2022ರಲ್ಲಿ ಕೇಂದ್ರ ಸರ್ಕಾರ ಇಂಥ ಕೆಲವು ತಿದ್ದುಪಡಿಗಳಿಗೆ ಕಟ್ಟುಪಾಡು ಸಡಿಲಿಸಿತು, ಗಿಡಗಳಿಗೆ ಮಾತ್ರ. ಮೀನು ಆ ಸಡಿಲಿಕೆಯೊಳಗೆ ಬರಲಿಲ್ಲ.

ಹಾಗಾದರೆ ಮಾರ್ಚ್‌ಗೆ ಮೊದಲು ಒಂದು ಕಿಲೋ ತಲುಪುವ ದಾರಿ? ಆಂಧ್ರದ ಕೊಲ್ಲೇರು ಸೀಮೆಯ ಮೀನು ಸಾಕಣೆದಾರರು ಒಂದು ಉಪಾಯ ಮಾಡುತ್ತಾರೆ. ಮರಿಗಳನ್ನು ಮೊದಲ ವರ್ಷ ಸಣ್ಣ ಹೊಂಡದಲ್ಲಿ ಕಿಕ್ಕಿರಿದು ತುಂಬಿ, ಅರೆಹೊಟ್ಟೆಯಲ್ಲಿಟ್ಟು ಕುಗ್ಗಿಸುತ್ತಾರೆ. ನೂರು, ನೂರೈವತ್ತು ಗ್ರಾಮಿಗೆ ನಿಂತ ಈ ವರ್ಷ ತುಂಬಿದ ಮರಿಗಳನ್ನು ಆಮೇಲೆ ದೊಡ್ಡ ನೀರಿಗೆ ಬಿಟ್ಟು ಮೇವು ಹಾಕಿದರೆ, ತಡೆದಿಟ್ಟದ್ದನ್ನೆಲ್ಲ ಬಿಡಿಸಿಕೊಳ್ಳುವಂತೆ ಮಿಂಚಿನ ವೇಗದಲ್ಲಿ ಬೆಳೆಯುತ್ತವೆ. ಹಸಿದ ಮೀನಿನ ರಕ್ತದಲ್ಲಿ ಬೆಳವಣಿಗೆ ಹಾರ್ಮೋನು ಕಡಿಮೆಯಾಗುವುದಿಲ್ಲ, ಏರುತ್ತದೆ. ಯಕೃತ್ತು ಅದಕ್ಕೆ ಕಿವಿಗೊಡದೆ ಐಜಿಎಫ್-1 ತಡೆದಿರುತ್ತದೆ, ಅಷ್ಟೇ. ಮೇವು ಬಿದ್ದ ಕೂಡಲೇ ಆ ತಡೆ ಕಳಚುತ್ತದೆ. ಕೈಯುಗುರಿನಷ್ಟು ಮರಿಯ ಬದಲು ಇಂಥ ಮರಿಯನ್ನು ಆಗಸ್ಟ್‌ನಲ್ಲಿ ಬಿಟ್ಟರೆ ಆರೇಳು ತಿಂಗಳ ಕೆರೆ ಸಾಕಾಗುತ್ತದೆ. ಅದಕ್ಕೆ ಬೇಕಾದದ್ದು ಬೇಸಿಗೆಯಲ್ಲಿ ಮರಿ ಇಟ್ಟುಕೊಳ್ಳಲು ನೀರಿರುವ ಒಂದಷ್ಟು ಹೊಂಡ. ಅಂಥ ನೀರು ಕಿತ್ತೂರಿನ ಪಡುವಲ ಅಂಚಿನಲ್ಲೂ ರೇಣುಕಾಸಾಗರದ ಹಿನ್ನೀರಿನ ದಂಡೆಯಲ್ಲೂ ಸಿಗುತ್ತದೆ, ಮರಿ ಬೇಕಾಗಿರುವ ರಾಮದುರ್ಗಕ್ಕೆ ಅಲ್ಲಿಂದ ಲಾರಿಯಲ್ಲಿ ಕೆಲವೇ ಗಂಟೆಗಳ ಹಾದಿ.